ಉಗುರುಬೆಚ್ಚಗೆ

ನಲವತ್ತು ವರ್ಷ ಶಿಡ್ಲಘಟ್ಟದ ಒಂದೇ ಶೆಡ್ಡಿನಲ್ಲಿ
ಕುದಿಯುವ ನೀರಿಗೆ ಕೈಯಿಟ್ಟು
ಗೂಡಿನ ಎಳೆಯ ತುದಿ ಹುಡುಕಿದವಳು.
ಬಾಂಗು ಕೇಳುತ್ತಿತ್ತು. ಬೇಸಿನ್ನು ಕಾಯುವುದಿಲ್ಲವಲ್ಲ,
ಎಳೆ ಕಡಿದರೆ ಯಜಮಾನ ಬಯ್ಯುತ್ತಿದ್ದ.
ದೇವರು ಸುಮ್ಮನಿರುತ್ತಿದ್ದ.

ಶೆಡ್ಡಿಗೆ ಚೀನಾ ಮಿಷನ್ನು ಬಂತು.
ನಾನು ಮನೆಗೆ ಬಂದೆ,
ತುದಿ ಸತ್ತ ಹತ್ತು ಬೆರಳು ಹೊತ್ತು.

ಹೋದ ರಂಜಾನಿನ ಮುಂಚೆ
ಹಿಂದಿನ ಬೀದಿಯ ಮಾಬುನ್ನಿ ತೀರಿಕೊಂಡಾಗ
ಮೀಯಿಸುವ ಮುದುಕಿಯೇ ಹಾಸಿಗೆ ಹಿಡಿದಿದ್ದಳು.
"ಜೈತೂನ್‌ಬಿ, ನಿಮಗೆ ನೀರಿನ ಕೆಲಸ ಗೊತ್ತಲ್ಲ" ಅಂದರು.

ಗೊತ್ತು. ಆದರೆ ಇದು ಉಗುರುಬೆಚ್ಚಗಿರಬೇಕು,
ನನ್ನ ಉಗುರಿಗೆ ಬಿಸಿ ತಿಳಿಯುವುದಿಲ್ಲ.
ಸೊಸೆ ಮೊಣಕೈ ಅದ್ದಿ,
ಮಗುವಿನ ನೀರು ನೋಡುವ ಹಾಗೆ ನೋಡಿ,
"ಹೂಂ" ಅಂದ ಮೇಲೇ ತಂಬಿಗೆ ಎತ್ತಿದೆ.
ಬಲಗಡೆ ಮೊದಲು. ಎಲಚಿ ಎಲೆ. ಕೊನೆಗೆ ಕರ್ಪೂರ.
ಮಾಬುನ್ನಿಯ ಜಡೆ ಸಿಕ್ಕುಗಟ್ಟಿತ್ತು,
ಜಗ್ಗದೆ ಒಂದೊಂದೇ ಬಿಡಿಸಿದೆ.
ತುದಿ ಹುಡುಕುವುದನ್ನು ಕೈ ಮರೆತಿಲ್ಲ.

ಎಷ್ಟು ಲಕ್ಷ ಹುಳು ಬೇಯಿಸಿದೆನೋ,
ಒಂದನ್ನೂ ಬಿಸಿಯಾಯಿತೇ ಎಂದು ಕೇಳಲಿಲ್ಲ.
ಅದಕ್ಕೇ ಇರಬೇಕು, ಈಗ ಒಬ್ಬೊಬ್ಬಳನ್ನೂ ಕೇಳುತ್ತೇನೆ,
ಬಾಯಿಬಿಟ್ಟೇ. ಸೊಸೆ ನನ್ನ ಮುಖ ನೋಡುತ್ತಾಳೆ.

ಐದು ತುಂಡು ಬಿಳಿ ಹತ್ತಿ ಬಟ್ಟೆ.
ರೇಷ್ಮೆಯದು ಒಂದೆಳೆಯೂ ಇಲ್ಲ.

ಈ ಬಕ್ರೀದಿಗೆ ಹನ್ನೊಂದು ಜನ ಆದರು.
ನಮಾಜು ಇನ್ನೂ ತಪ್ಪುತ್ತದೆ, ಮಂಡಿನೋವು.
ಆದರೆ ಅಪರಾತ್ರಿ ಯಾರೋ ಬಾಗಿಲು ತಟ್ಟಿದರೆ
ಯಾರ ಮನೆಯಲ್ಲಿ ಎಂದು ಕೇಳುವ ಮೊದಲೇ
ತೋಳು ಮಡಚಿರುತ್ತೇನೆ.