ನಾಲ್ಕು ಎಂಬಿ

ಭಾಗ್ಯನಗರದ ಕೂದಲು ವ್ಯಾಪಾರಿ ಯಮನೂರಪ್ಪನ ವೆಬ್‌ಸೈಟು
ತೆರೆಯಲು ಒಂಬತ್ತು ಸೆಕೆಂಡು.
“ವರ್ಡ್‌ಪ್ರೆಸ್ ಬಿಡೋಣ್ರಿ” ಅಂದೆ.
“ಯಾವುದಾರ ಹಾಕವಾ, ಹಗುರಾಗ್ಲಿ” ಅಂದ
ತಕ್ಕಡಿಯಲ್ಲಿ ಜಡೆಯೊಂದನ್ನು ಇಳಿಬಿಡುತ್ತ.

ರಾತ್ರಿ ಪ್ಲಗಿನ್ನುಗಳ ಸಿಕ್ಕು ಬಿಡಿಸಿದೆ.
ಹದಿನೇಳರಲ್ಲಿ ಬೇಕಾದ್ದು ಮೂರೇ.
ಮಿಕ್ಕ ಭಾರವೆಲ್ಲ ಒಂದು ಫೋಟೋದ್ದು:
ಮೊಳೆಹಲಗೆಯ ಮೇಲೆ ಕೂದಲು ಬಾಚುವ ಎರಡು ಕೈ,
ನಾಲ್ಕು ಎಂಬಿ. ತೆಗೆದರಾಯ್ತು.

ತೆಗೆಯುವ ಮುಂಚೆ ಟ್ರಾಫಿಕ್ ನೋಡಿದೆ.
ಮುನ್ನೂರು ಭೇಟಿ, ಮುಕ್ಕಾಲು ಪಾಲು ಬಾಟು.
ಆದರೆ ದಿನಾ ರಾತ್ರಿ ಹನ್ನೊಂದಕ್ಕೆ
ಕೊಪ್ಪಳದ್ದೇ ಒಂದು ಹಳೇ ಫೋನು
ಫೋಟೋ ಪೂರ್ತಿ ಮೂಡುವ ತನಕ ಕಾದು
ಏನನ್ನೂ ಒತ್ತದೆ ಹೋಗುತ್ತದೆ.

ಮುಂಜಾನೆ ಶೆಡ್ಡಿನಲ್ಲಿ ಕೇಳಿದೆ, ಯಾರು ಅಂತ.
ಗಾಳೆಮ್ಮ ತಲೆ ಎತ್ತಲಿಲ್ಲ.
“ಹಸಿರು ಬಳಿ ನೋಡ್ರಿ,” ಅಂದಳು ಪಕ್ಕದಾಕೆ,
“ಆಕೀವ ಅವು.”

ನೂರು ಕೆಬಿಗೆ ಇಳಿಸಿದೆ,
ಬಳೆಯ ಬಿರುಕು ಕಾಣುವಷ್ಟು ಉಳಿಸಿಕೊಂಡು.