ಚಳಿಗಾಲಕ್ಕೆ ಆರು ಪುಸ್ತಕ

ಮೂರೂಕಾಲಿಗೇ ಹೊತ್ತು ಮುಳುಗುವ ಡಿಸೆಂಬರು.
ಆರ್ಕ್ನಿ ದ್ವೀಪದ ಈ ಮೂಲೆಯಲ್ಲಿ ಮರಗಳಿಲ್ಲ.
ಹಿಡಿದುಕೊಳ್ಳಲು ಬೇರೇನೂ ಸಿಗದ ಗಾಳಿ
ನಮ್ಮ ಟೋಪಿಗಳನ್ನು ಹಿಡಿಯುತ್ತದೆ.

ಉಪ್ಪುಮೀನಿನ ಹಳೇ ಗೋದಾಮೇ ಈಗ ಓದುಮನೆ.
ಏಳು ಜನ, ಒಂದು ಹೀಟರು, ಕೆಟಲ್ ತುಂಬ ಚಹಾ,
ಮೇಜಿನ ಮೇಲೆ ಇಪ್ಪತ್ತಮೂರು ಪುಸ್ತಕ,
ಒಂದೊಂದಕ್ಕೂ ಹೆರಿಂಗಿನ ವಾಸನೆ.
ಮಾರ್ಚಿನೊಳಗೆ ಓದಿ ಮುಗಿಸಲು ಆರು ಆರಿಸಬೇಕು.
ಬರೆದುಕೊಳ್ಳುವ ಕೆಲಸ ನನ್ನದು.
ಅಕ್ಷರ ಮುತ್ತಿನಂತಿದೆ ಎಂದಲ್ಲ,
ಕೈ ನಡುಗದವಳು ನಾನೊಬ್ಬಳೇ ಎಂದು.

ಷರತ್ತು ಒಂದೇ: ಬರೆದವರು ಸತ್ತು
ಐವತ್ತು ವರ್ಷವಾದರೂ ಆಗಿರಬೇಕು.

ಜೆಸ್ಸಿಮಿನಾ ರೆಂಡಲ್‌ಗೆ ಕೋಟೆಗಳೇ ಆಗಬೇಕು.
ನಡುರಾತ್ರಿ, ಉದ್ದದ ಓಣಿ,
ತಾನಾಗಿ ಆರಿಹೋಗುವ ಮೇಣದಬತ್ತಿ,
ಬರಿಗಾಲಲ್ಲಿ ಹೊರಟ ಮದುಮಗಳು.
'ಅಷ್ಟು ದೊಡ್ಡ ಮನೆಯಲ್ಲಿ
ಒಂದು ಜೊತೆ ಕಾಲುಚೀಲ ಇರಲಿಲ್ಲವೇ?'
ಎಂದು ಕೇಳಿದ್ದು ಎರ್ಲೆಂಡ್ ಫ್ಲೆಟ್,
ದೀಪಸ್ತಂಭ ಕಾದು ತಲೆ ನರೆಸಿಕೊಂಡವನು.
'ಇಪ್ಪತ್ತೆರಡು ವರ್ಷ ಗೋಪುರದಲ್ಲಿ ಒಬ್ಬನೇ ಇದ್ದೆ.
ದೆವ್ವ ಬರಲಿಲ್ಲ. ಬಣ್ಣ ಬರುತ್ತಿತ್ತು,
ಪ್ರತಿ ವಸಂತಕ್ಕೆ ನಲವತ್ತು ಡಬ್ಬಿ,
ಬಳಿ, ಒಣಗಿಸು, ಮತ್ತೆ ಬಳಿ.'
ಹಾಗಾದರೆ ಬೇಡವೇ? ಎಂದರೆ
ಬೇಡ ಎನ್ನಲಿಲ್ಲ, ಬೇಕು ಎನ್ನಲಿಲ್ಲ.
ಬದುಕೆಲ್ಲ ದೀಪ ಹಚ್ಚಿದವನು
ಕಡೆಗೆ ಇಟ್ಟದ್ದು ಅಡ್ಡಗೋಡೆಯ ಮೇಲೆ.
ಒಂದು ಕೋಟೆ ಒಪ್ಪಿದೆವು. ಆಮೇಲೆ ಇನ್ನೊಂದು,
ಕಣ್ಣು ಹೊರಳಿಸುವ ಅಜ್ಜನ ಚಿತ್ರವಿದೆಯೆಂದು.
ಪಾಳು ಮಠದ್ದು ಏಳುನೂರು ಪುಟ, ಇಟ್ಟಿಗೆ;
ಅದು ಬಾಗಿಲಿಗೆ ಒತ್ತು ಕೊಡಲು ಹೋಯಿತು.

ಪತ್ತೇದಾರಿಯ ಸರದಿ ಬಂದಾಗ
ಎಲ್ಲರೂ ಡೇವಿ ಲಿಂಕ್ಲೇಟರನ ಕಡೆ ತಿರುಗಿದೆವು.
ನಿವೃತ್ತ ಪೇದೆ. ಕೆಟ್ಟ ಚಾಳಿ ಅವನದು:
ನಲವತ್ತನೆಯ ಪುಟ ದಾಟುವುದರೊಳಗೆ
ಅಂಚಿನಲ್ಲಿ ಪೆನ್ಸಿಲಿನಿಂದ ಕೊಲೆಗಾರನ ಹೆಸರು.
ಕುಂಬಳಕಾಯಿ ಕಳ್ಳ ಎಂದೊಡನೆ
ಹೆಗಲು ಮುಟ್ಟಿಕೊಳ್ಳುವವನು ಪ್ರತಿ ಕತೆಗೂ ಒಬ್ಬ,
ಅವನನ್ನು ಮೊದಲು ಬಿಟ್ಟುಬಿಡಬೇಕು, ಅನ್ನುತ್ತಾನೆ.
ಒಮ್ಮೆಯೂ ತಪ್ಪಿದವನಲ್ಲ, ಅದೇ ನಮ್ಮ ಸಿಟ್ಟು.
'ಈ ಸಲ ಪೆನ್ಸಿಲು ಮನೆಯಲ್ಲಿ' ಎಂಬ ಠರಾವು
ಎಂದಿನಂತೆ ಬರೆದುಕೊಂಡೆ.

ಐದಾಯಿತು. ಚಹಾ ತಣಿಯಿತು.
ಆಗ ಮೆರ್ರನ್ ಇಸ್ಬಿಸ್ಟರ್,
ಒಂಬತ್ತು ಚಳಿಗಾಲ ಬಂದು ಕೂತರೂ
ಒಂದು ಪುಸ್ತಕ ಸೂಚಿಸದವಳು,
ರಟ್ಟು ಕಳಚಿದ ತೆಳ್ಳನೆಯದೊಂದನ್ನು
ಮೇಜಿನ ನಡುವಿಗೆ ದೂಡಿದಳು.
'ಇದಿರಲಿ. ಇದರಲ್ಲಿ ಹೆಣ
ಬೆಳಗಿನ ತಿಂಡಿಗೆ ಮೊದಲೇ ಸಿಗುತ್ತದೆ.'

ಹೀಟರು ಟಿಕ್ಕೆಂದಿತು.
ಅವಳ ಗಂಡನ ದೋಣಿ ಕೊಲ್ಲಿಗೆ ಮರಳಿದ್ದು
ನಮಗೆಲ್ಲ ಗೊತ್ತು: ಎಂಜಿನ್ ಓಡುತ್ತಿತ್ತು,
ಡಬ್ಬಿಯಲ್ಲಿ ಅರ್ಧ ತಿಂದ ರೊಟ್ಟಿ, ಜನವಿಲ್ಲ.
ಹನ್ನೊಂದು ದಿನ ದಡವನ್ನು ಕಲ್ಲುಕಲ್ಲಾಗಿ
ಹುಡುಕಿದವನು ಡೇವಿ.
ಅವನು ಈಗ ಬಿಸ್ಕತ್ತಿನ ಚೂರುಗಳನ್ನು
ಬೆರಳಿನಿಂದ ಒಟ್ಟುಮಾಡುತ್ತಿದ್ದ,
ಎಣಿಸಬೇಕಾಗಿದೆಯೇನೋ ಎಂಬಂತೆ.

ಕೈ ಎತ್ತಿ ಎಂದೆ. ಎತ್ತಿದರು.
ಅವನದು ಕೊನೆಗೆ.

ಇರುವುದು ಒಂದೇ ಪ್ರತಿ, ಮೊದಲು ಯಾರಿಗೆ?
'ಡೇವಿಗೆ' ಎಂದಳು ಮೆರ್ರನ್, ಕೋಟಿನ ಗುಂಡಿ ಹಾಕುತ್ತ.
'ಓದಿ ನನಗೆ ಕೊಡಲಿ.
ಅಂಚಿನಲ್ಲಿ ಹೆಸರು ಬರೆದೇ ಕೊಡು, ಡೇವಿ.
ಕೊನೆಯ ಪುಟದ ತನಕ ಕಾಯುವುದು
ನನ್ನಿಂದ ಇನ್ನು ಆಗದು.'

ಠರಾವಿನ ಮೇಲೆ ಒಂದು ಗೆರೆ ಎಳೆದೆ.
ಕೆಳಗೆ ಬರೆದೆ: ಆರನೆಯದು, ಒಪ್ಪಿಗೆ.
ಮುಂದಿನ ಸಲ ಬಿಸ್ಕತ್ತು ಎರ್ಲೆಂಡ್‌ನದು.