ಎರಡನೆಯ ತೂತು

ಮೆದೇಹಳ್ಳಿ ರಸ್ತೆ. ಬೇವಿನ ನೆರಳು ಬುಡಕ್ಕೇ ಮುದುಡಿದ ಹೊತ್ತು.
ದಸ್ತಗೀರ್ ಸಾಬರ ಅಂಗಡಿಯೆಂದರೆ ಒಂದು ಕಂಪ್ರೆಸರ್,
ಒಂದು ಬಾಂಡ್ಲಿ ನೀರು, ಗೂಟಕ್ಕೆ ನೇತುಬಿದ್ದ ಟಯರು.
ನನ್ನ ಟಿವಿಎಸ್ಸಿನ ಹಿಂದಿನ ಚಕ್ರ ನೆಲದಲ್ಲಿ ಅಂಗಾತ.
ಒಂದು ಗಂಟೆಗೆ ಬಿ.ಎಸ್ಸಿ. ಕ್ಲಾಸು.

ಶಾಲೆ ತಪ್ಪಿಸಿದ ತಿಪ್ಪೇಶ
ಹಳೇ ಟ್ಯೂಬಿನ ಪಟ್ಟಿ ಕುಯ್ದು, ಕೆಂಪೊಂದು ಕಪ್ಪೊಂದು,
ನನ್ನ ಟ್ಯೂಬಿನ ತೋಳಿಗೆ ಬಳೆ ಕಟ್ಟಿದ್ದಾನೆ.
ಕೆಂಪನ್ನು ಜಾರಿಸುತ್ತಾನೆ. ವಾಲ್ವು ಅಡ್ಡ ಬಂತು.
ಆ ಕಡೆಯಿಂದ ಬಳಸಿ ತಂದು ಕಪ್ಪಿನ ಪಕ್ಕ ಕೂರಿಸುತ್ತಾನೆ.

ಹಾಗಾದರೆ ಅವು ಎರಡಲ್ಲ.
ಜಾರಿಸಿದರೆ ಸೇರುವುದೆಲ್ಲ ಒಂದೇ:
ನನ್ನ ಶಾಸ್ತ್ರದ ಮೊದಲ ಔದಾರ್ಯ ಅದು.
ಬೆನ್ನ ಹಿಂದಿನ ಕೋಟೆಗೂ ಏಳು ಸುತ್ತು ಅನ್ನುತ್ತಾರೆ;
ನಡುವೆ ಏನೂ ಇರದಿದ್ದರೆ ನನ್ನ ಲೆಕ್ಕಕ್ಕೆ ಒಂದೇ ಸುತ್ತು.
ಹೊಂಡಗಳಿವೆ, ಪುಣ್ಯ.

ಸಾಬರು ಟ್ಯೂಬನ್ನು ನೀರಲ್ಲಿ ಅದ್ದಿ ತಿರುಗಿಸುತ್ತ
ಹಳೇ ಕತೆ ತೆಗೆದರು:
‘ಸೈಕಲ್ ಟ್ಯೂಬು ಸೀಳಿದ್ರೆ ಕತ್ತರ್ಸಿ ಅಂಟಿಸ್ತಿದ್ದೆ.
ಒಂದ್ಸಲ ಪೂರ್ತಿ ಒಂದ್ ಸುತ್ತು ತಿರುಚ್ಕೊಂಡು ಅಂಟ್ತು, ನೋಡ್ರಿ.
ಗಾಳಿ ಹೊಡದ್ರೆ ಏನೂ ಫರಕ್ಕಿಲ್ಲ.
ಅಚ್ಚಿನ ಗೆರೆ ಮಾತ್ರ ಬಳ್ಳಿ ಹಂಗೆ ಸುತ್ತಾಕ್ಕೊಂಡಿತ್ತು.
ಟ್ಯೂಬಿಗೇನ್ ಗೊತ್ತು? ಗೆರೆ ಕೇಳ್ಬೇಕು.’
ಅದಕ್ಕೊಂದು ಹೆಸರಿದೆ ಸಾಬರೇ, ಅಂದೆ.
‘ಹೆಸರಿಟ್ಟೋರು ಎಷ್ಟ್ ತಗಂತಾರೆ?’

ಗುಳುಗುಳು. ಒಂದೇ ಸಾಲು ಗುಳ್ಳೆ.
ಒರೆಸಿ, ಗುರುತಿಗೆ ತೂತಿಗೊಂದು ಬೆಂಕಿಕಡ್ಡಿ ಚುಚ್ಚಿದರು.

ಈಗ ಕೆಂಪು ಕಪ್ಪನ್ನು ಸೇರಲಾರದು.
ಈ ಕಡೆ ವಾಲ್ವು, ಆ ಕಡೆ ಕಡ್ಡಿ.
ಒಂದಾಗಿದ್ದದ್ದು ಎರಡಾಯಿತು,
ಎರಡೂ ಮುಟ್ಟದೆ ನಿಂತವು, ಅದರಿಂದಲೇ ನೆರೆಯಾದವು.
ನಮ್ಮಲ್ಲಿ ಹಾಗೆ: ಪ್ರತಿ ಬಳೆಯೂ ಒಂದು ಚುಕ್ಕಿ,
ಅಡ್ಡ ಹಾಯದ ಎರಡರ ನಡುವೆ ಒಂದು ದಾರಿ.
ಒಂದರ ಮೇಲೊಂದು ಬಿದ್ದು, ಮೈಯೆಲ್ಲ ಹೊಲಿದು,
ಮೂರನೆಯದಕ್ಕೆ ಜಾಗ ಬಿಡದವೇ ದೂರದವು.

ಹಿರಿಯೂರು ಕಡೆಯ ಕೇರಿಯಲ್ಲಿ ನಮ್ಮವ್ವ
ಮುಟ್ಟದಿರುವುದನ್ನು ನನಗೆ ಮೊಳದಲ್ಲಿ ಕಲಿಸಿದ್ದಳು:
ಹೋಟೆಲಿನ ಹೊರಗಿನ ಕಲ್ಲು, ಬೇರೆ ಲೋಟ,
ಬೊಗಸೆಗೆ ಮೇಲಿಂದ ಬೀಳುವ ನೀರು.
ಆ ದೂರಕ್ಕೆ ಸಂಖ್ಯೆ ಇರಲಿಲ್ಲ.
ಇಪ್ಪತ್ತೆರಡನೆಯ ವಯಸ್ಸಿಗೆ, ಲೈಬ್ರರಿಯಲ್ಲಿ,
ಮುಟ್ಟದಿದ್ದರೆ ಅಂತರ ಒಂದು, ಎಂದು ಓದಿದೆ.
ಪುಸ್ತಕ ಮುಚ್ಚಿಟ್ಟೆ.
ಎದ್ದು ಹೋಗಿ ನೀರು ಕುಡಿದು ಬಂದೆ.

ಕಡ್ಡಿ ಕಿತ್ತು, ಉಜ್ಜಿ, ಸಲ್ಯೂಶನ್ ಸವರಿ
ಸಾಬರು ಉಫ್ ಉಫ್ ಎಂದು ಊದುತ್ತಿದ್ದರು.
ಸ್ವಲ್ಪ ತಡೀರಿ ಅನ್ನಬೇಕೆನಿಸಿತು. ಗಂಟೆ ಹನ್ನೆರಡೂ ಐವತ್ತು.
ಪ್ಯಾಚು ಕೂತಿತು.
ಕೆಂಪು ಅದರ ಮೇಲೆ ಚೂರು ಎಡವಿ, ಹಾದು,
ಕಪ್ಪಿನ ಪಕ್ಕ ಹೋಗಿ ನಿಂತಿತು.
‘ಎಲ್ಡೂ ಮತ್ತೆ ಒಂದೇ ಆತಲ್ಲ ಮಿಸ್,’ ಅಂದ ತಿಪ್ಪೇಶ,
ಯಾರೂ ಹೇಳಿಕೊಡದೆ.

ಟಯರಿನೊಳಗೆ ಬಳೆ ಹೋಗುವುದಿಲ್ಲ. ಕತ್ತರಿಸಿದ.
ಮೂವತ್ತು ರೂಪಾಯಿ ಕೊಟ್ಟೆ.
ಕೆಂಪನ್ನು ತನ್ನ ಮಣಿಕಟ್ಟಿಗೆ ಬಿಗಿದುಕೊಂಡು
ಕಪ್ಪನ್ನು ನನ್ನ ಹಾಜರಿ ಪುಸ್ತಕಕ್ಕೆ ಸುತ್ತಿ, ಗಂಟು ಹಾಕಿ ಕೊಟ್ಟ.